ಹರಿತವಿಲ್ಲದ ಕತ್ತಿ ಮತ್ತು ಮೊದಲ ಶೀಲ



ಇಂದಿನ ಚಿಂತನೆ ನಮ್ಮ ಗುಂಪಿನ ಉಪಾಸಿಕೆಯೊಬ್ಬರ ಪ್ರಶ್ನೆಯಿಂದ ಹುಟ್ಟಿದ್ದು. ಅವರ ಮಗ ಕರಾಟೆ ತರಗತಿಗೆ ಹೋಗುತ್ತಾನೆ. ಅಭ್ಯಾಸಕ್ಕೆಂದು ಜಪಾನಿ ಮಾದರಿಯ ಗಿಡ್ಡ ಕತ್ತಿಯೊಂದನ್ನು ತರಿಸಿಕೊಂಡಿದ್ದಾನೆ. ಉಳಿದ ಹೊತ್ತು ಅದು ಬುದ್ಧ, ಬಾಬಾಸಾಹೇಬರ ಫೋಟೊ ಇರುವ ಶೋಕೇಸಿನಲ್ಲೇ ಇರುತ್ತದೆ. ದಿನಾ ಪಂಚಶೀಲ ಹೇಳುವ ಮನೆಯಲ್ಲಿ ಕತ್ತಿ ಇರಬಹುದೇ ಎಂದು ಅಕ್ಕ ಕೇಳಿದ್ದಾರೆ. ಕೆಲವರು ತಕ್ಷಣ "ಬೇಡ" ಎಂದು ಬರೆದರು. ನನಗೆ ಅಷ್ಟು ಸಲೀಸಾಗಿ ಹೇಳಲು ಆಗುತ್ತಿಲ್ಲ.

ಮೊದಲು ಆ ವಸ್ತು ಏನೆಂದು ನೋಡೋಣ. ಜಪಾನಿನಲ್ಲಿ ಅದಕ್ಕೆ ವಾಕಿಜಾಶಿ ಎನ್ನುತ್ತಾರೆ. ಅಲಗಿನ ಉದ್ದ ಸುಮಾರು 30ರಿಂದ 60 ಸೆಂಟಿಮೀಟರ್. ಸಮುರಾಯಿಗಳು ಉದ್ದ ಕತ್ತಿಯ ಜೊತೆಗೆ ಇದನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆ ಜೋಡಿಯೇ ಅವರ ಜಾತಿಯ ಗುರುತು, ಜಾತಿ ಎಂದೇ ಕರೆಯುತ್ತೇನೆ. ಅಭ್ಯಾಸದ ಕತ್ತಿಯನ್ನು ಸಾಮಾನ್ಯವಾಗಿ ಸತು, ಅಲ್ಯುಮಿನಿಯಂ ಬೆರೆಸಿದ ಲೋಹದಲ್ಲಿ ಮಾಡುತ್ತಾರೆ. ಸಾಣೆ ಹಿಡಿದರೂ ಅದಕ್ಕೆ ಹರಿತ ನಿಲ್ಲುವುದಿಲ್ಲ. (ತುದಿ ಚೂಪಾಗಿರಬಹುದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಜೋಪಾನ.) ಒರೆಯಿಂದ ತೆಗೆಯುವುದು, ಬೀಸುವುದು, ಬೀಸಿದ್ದನ್ನು ನಡುವೆಯೇ ನಿಲ್ಲಿಸುವುದು, ಮತ್ತೆ ಒರೆಗೆ ಸೇರಿಸುವುದು. ಇಷ್ಟನ್ನೇ ಸಾವಿರ ಸಲ ಮಾಡುತ್ತಾರೆ.

ಈ ಗಿಡ್ಡ ಕತ್ತಿಗೆ ಸೇರಿದ ಒಂದು ಚರಿತ್ರೆಯನ್ನು ನಾವು ತಿಳಿದಿರಬೇಕು. 1588ರಲ್ಲಿ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ ಆಜ್ಞೆ ಹೊರಡಿಸಿದ: ರೈತರು ಉದ್ದ ಕತ್ತಿ, ಗಿಡ್ಡ ಕತ್ತಿ, ಬಿಲ್ಲು, ಈಟಿ, ಬಂದೂಕು ಯಾವುದನ್ನೂ ಇಟ್ಟುಕೊಳ್ಳಕೂಡದು. ಕಿತ್ತುಕೊಂಡ ಕಬ್ಬಿಣವನ್ನು ಏನು ಮಾಡುತ್ತೇನೆ ಎಂದ ಗೊತ್ತೇ? ಕ್ಯೋಟೊದಲ್ಲಿ ಕಟ್ಟಿಸುತ್ತಿದ್ದ ಮಹಾಬುದ್ಧನ ಮಂದಿರಕ್ಕೆ ಮೊಳೆ, ಬೋಲ್ಟು. ಅದರಿಂದ ರೈತರಿಗೆ ಇಹದಲ್ಲೂ ಪರದಲ್ಲೂ ಒಳ್ಳೆಯದಾಗುತ್ತದಂತೆ! ಸಮುರಾಯಿಗಳ ಸೊಂಟದ ಜೋಡಿ ಕತ್ತಿ ಹಾಗೇ ಉಳಿಯಿತು. ಹಿದೆಯೋಶಿ ಸ್ವತಃ ಕೆಳಗಿನಿಂದ ಮೇಲೆ ಬಂದವನು. ತಾನು ದಾಟಿದ ಬಾಗಿಲಿಗೆ ತಾನೇ ಅಗುಳಿ ಹಾಕಿದ. ಆ ಬುದ್ಧಮೂರ್ತಿ 1596ರ ಭೂಕಂಪದಲ್ಲಿ ಒಡೆದುಹೋಯಿತು. ಮೇಲು ಕೀಳಿನ ಗೆರೆ ಮಾತ್ರ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು.

ಬುದ್ಧನ ಹೆಸರು ಹೇಳಿ ದುಡಿಯುವವರ ಕೈಯನ್ನಷ್ಟೇ ಬರಿದು ಮಾಡುವುದನ್ನು ಅಹಿಂಸೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಭಾರತದಲ್ಲಿ ಸಾಮಾಜಿಕ ಕ್ರಾಂತಿ ಏಕಾಗಲಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಕೇಳಿಕೊಳ್ಳುತ್ತಾರೆ. ಚಾತುರ್ವರ್ಣ್ಯವು ಕೆಳಗಿನವರಿಗೆ ಆಯುಧವನ್ನೂ ಕೊಡಲಿಲ್ಲ, ಅಕ್ಷರವನ್ನೂ ಕೊಡಲಿಲ್ಲ, ಎದುರು ನಿಲ್ಲುವ ದಾರಿಯನ್ನೇ ಮುಚ್ಚಿತು ಎಂಬುದು ಅವರ ಉತ್ತರ. ಸುಬೇದಾರ್ ರಾಮಜಿಯವರ ಮಗನಿಗೆ ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. ನಮ್ಮ ಮೈಸೂರಿನಲ್ಲೇ ನೋಡಿ, ನವರಾತ್ರಿಯಲ್ಲಿ ಅರಮನೆಯ ಕತ್ತಿಗಳಿಗೆ ಪೂಜೆ ನಡೆಯುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ನಮ್ಮ ಛಲವಾದಿ ಹೆಣ್ಣುಮಗಳು ಓಬವ್ವನ ಕೈಗೆ ಸಿಕ್ಕಿದ್ದು ಒನಕೆ.

ಹಾಗೆಂದು ಕತ್ತಿ ಹಿಡಿಯಿರಿ ಎನ್ನುತ್ತಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ದ ಸಿದ್ಧಾರ್ಥನನ್ನು ನೆನೆಯಿರಿ. ಬಿಲ್ಲುವಿದ್ಯೆ, ಆಯುಧವಿದ್ಯೆ ಕಲಿತವನು, ಗೆಳೆಯರು ಬೇಟೆಗೆ ಕರೆದರೆ ಹೋಗಲಿಲ್ಲ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಹೂಡುವ ನಿರ್ಣಯವನ್ನು ಶಾಕ್ಯ ಸಂಘದಲ್ಲಿ ಎದ್ದು ನಿಂತು ವಿರೋಧಿಸಿದ, ಸೋತ, ಕಡೆಗೆ ಮನೆಯನ್ನೇ ಬಿಟ್ಟ. ಬಲ್ಲವನಾಗಿದ್ದೂ ಬೇಡವೆಂದವನು ಆತ.

ನಾವು ಹೇಳುವ ಮೊದಲ ಶೀಲದಲ್ಲಿ ಎರಡು ಪದಗಳಿವೆ, ಕನ್ನಡ ಮೇಷ್ಟ್ರಾದ ನಾನು ಅವನ್ನು ಬಿಡಿಸದೆ ಮುಂದೆ ಹೋಗಲಾರೆ. ಒಂದು 'ವೇರಮಣಿ', ಅಂದರೆ ದೂರ ಸರಿಯುವುದು. ಕೈಲಾಗದವನು ಸುಮ್ಮನಿದ್ದರೆ ಅದಕ್ಕೆ ಸರಿಯುವುದು ಎನ್ನುತ್ತೇವೆಯೇ? ಇನ್ನೊಂದು 'ಸಿಕ್ಖಾಪದ', ಕಲಿಕೆಯ ಹೆಜ್ಜೆ. ಶೀಲವೂ ಒಂದು ಅಭ್ಯಾಸವೇ, ದಿನಾ ಮಾಡಬೇಕಾದ್ದು. ಬೀಸಿದ ಕೈಯನ್ನು ನಡುವೆ ತಡೆಯಲು ಕಲಿಯುತ್ತಿರುವ ಹುಡುಗ ಈ ಎರಡು ಪದಗಳಿಂದ ದೂರವೇನೂ ಇಲ್ಲ ಎಂದು ನನ್ನ ಅನಿಸಿಕೆ.

ಆದ್ದರಿಂದ ಅಕ್ಕನಿಗೆ ನನ್ನ ಉತ್ತರ: ಕತ್ತಿ ಮನೆಯಲ್ಲಿರಲಿ, ಶೋಕೇಸಿನಿಂದ ತೆಗೆಸಿ. ಬುದ್ಧನ ಪಕ್ಕದಲ್ಲಿದ್ದರೆ ಆಯುಧಪೂಜೆಯ ದಿನ ಯಾರಾದರೂ ಬಂದವರು ಕುಂಕುಮ ಹಚ್ಚಿಯೇ ಹಚ್ಚುತ್ತಾರೆ. ಅದರ ಮರುದಿನವೇ ನಮಗೆ ಅಶೋಕ ವಿಜಯದಶಮಿ, 1956ರಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದ ದಿನ. ಮುಂದೆ ಮಗ ಇಂಥವನ್ನು ತರಿಸಿ ಮಾರುತ್ತೇನೆ ಎಂದರೆ ಒಪ್ಪಬೇಡಿ; ಉಪಾಸಕರಿಗೆ ಬುದ್ಧ ಬೇಡವೆಂದ ಐದು ವ್ಯಾಪಾರಗಳಲ್ಲಿ ಆಯುಧದ್ದೇ ಮೊದಲು.

ಇನ್ನೊಂದು ಮಾತು, ಇದು ಧಮ್ಮಕ್ಕಿಂತ ಲೋಕದ್ದು. ಕತ್ತಿ ಹಿಡಿದ ಫೋಟೊ ಸ್ಟೇಟಸ್‌ಗೆ ಹಾಕುವುದು ಬೇಡ. ತಲ್ವಾರಿನಲ್ಲಿ ಕೇಕು ಕತ್ತರಿಸಿ ಕೇಸು ಹಾಕಿಸಿಕೊಂಡ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಕತ್ತಿ ಮೊಂಡಾಗಿದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ, ಹುಡುಗ ಯಾವ ಬೀದಿಯವನು ಎಂಬುದು ಬೇಗ ಗೊತ್ತಾಗುತ್ತದೆ. ಕೊಂಡ ರಸೀದಿ ಇಟ್ಟುಕೊಳ್ಳಲಿ. ತರಗತಿಗೆ ಒಯ್ಯುವಾಗ ಚೀಲದಲ್ಲಿ ಸುತ್ತಿ ಒಯ್ಯಲಿ.

ಭಾನುವಾರದ ಓದಿಗೆ 'ಬುದ್ಧ ಮತ್ತು ಆತನ ಧಮ್ಮ'ದ ಅಹಿಂಸೆಯ ಭಾಗ. ಕೊಲ್ಲುವ ಇಚ್ಛೆ, ಕೊಲ್ಲಲೇಬೇಕಾದ ಅಗತ್ಯ ಇವೆರಡನ್ನೂ ಬಾಬಾಸಾಹೇಬರು ಅಲ್ಲಿ ಬೇರೆ ಮಾಡಿ ತೋರಿಸಿದ್ದಾರೆ. ಪುಸ್ತಕ ಇರುವವರು ತನ್ನಿ.

ಭವತು ಸಬ್ಬ ಮಂಗಲಂ.