ಕಂಪ್ಯೂಟರ್ ಕೆಟ್ಟಿತೇ? ಡ್ರೈವರ್ ಕೈಕೊಟ್ಟಿತೇ?



ಒಂದು ಕಾಲಕ್ಕೆ ದೊಡ್ಡ ಪಟ್ಟಣಗಳ ಕಚೇರಿಗಳಲ್ಲಿ ಮಾತ್ರ ಕಾಣುತ್ತಿದ್ದ ಕಂಪ್ಯೂಟರ್ ಇಂದು ನಮ್ಮ ನೀಲಗಿರಿಯ ಹಟ್ಟಿಗಳನ್ನೂ ಚಹಾತೋಟದ ಲೈನು ಮನೆಗಳನ್ನೂ ತಲುಪಿದೆ. 2011ರಲ್ಲಿ ತಮಿಳುನಾಡು ಸರ್ಕಾರವು ಸರ್ಕಾರಿ ಹಾಗೂ ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ಅಕ್ಕ ಓದಿ ಮುಗಿಸಿದ ಯಂತ್ರ ತಮ್ಮನ ಕೈಗೆ ಬಂದಿರುವುದುಂಟು. ಮನೆಯವರು ಹಳೆಯದೊಂದನ್ನು ಕೊಂಡು ತಂದಿರುವುದುಂಟು. ಹೀಗೆ ಬಂದ ಯಂತ್ರಕ್ಕೆ ಒಂದಲ್ಲ ಒಂದು ದಿನ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಪ್ರಸಂಗ ಬರುತ್ತದೆ. ಏಕೆಂದರೆ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು.

ತೊಂದರೆ ಆರಂಭವಾಗುವುದು ಇಲ್ಲಿಯೇ. ಹೊಸ ವ್ಯವಸ್ಥೆ ಹಾಕಿದ ಮಾರನೆಯ ದಿನ ಯಂತ್ರ ಇದ್ದಕ್ಕಿದ್ದಂತೆ ನಿಲ್ಲುತ್ತದೆ; ಪರದೆ ನೀಲಿಯಾಗುತ್ತದೆ; ತಾನಾಗಿ ಮತ್ತೆ ಆರಂಭವಾಗಿ ಮತ್ತೆ ನಿಲ್ಲುತ್ತದೆ. ಆಗ ಯಾರಾದರೊಬ್ಬರು “ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡಿ” ಎನ್ನುತ್ತಾರೆ. ಇನ್ನೊಬ್ಬರು “ಇದು ಗುಜರಿಗೆ ಹಾಕಲು ಮಾತ್ರ ಲಾಯಕ್ಕು” ಎನ್ನುತ್ತಾರೆ. ಮೊದಲನೆಯವರ ಮಾತು ಕೇಳಿದರೆ ವರ್ಷವಿಡೀ ಬರೆದ ಟಿಪ್ಪಣಿ, ಮನೆಯ ಫೋಟೋ, ಅಪ್ಪ ಇಟ್ಟಿದ್ದ ಕಾಗದಪತ್ರಗಳ ಪ್ರತಿ ಎಲ್ಲವೂ ಅಳಿಸಿಹೋಗುತ್ತವೆ. ಎರಡನೆಯವರ ಮಾತು ಕೇಳಿದರೆ ಒಳ್ಳೆಯ ಯಂತ್ರವೇ ಕೈತಪ್ಪುತ್ತದೆ. ಹೀಗೆ ಹೊಸ ವ್ಯವಸ್ಥೆಯ ಬೆನ್ನಲ್ಲೇ ಬರುವ ಕಾಯಿಲೆಗೆ ಬಹಳ ಸಲ ಕಾರಣ ಯಂತ್ರದ ದೋಷವಲ್ಲ, ಡ್ರೈವರಿನ ದೋಷ. ಅದನ್ನು ಗುರುತಿಸಿ ಸರಿಪಡಿಸುವ ಕ್ರಮವನ್ನು ಈ ಲೇಖನದಲ್ಲಿ ತಿಳಿಯೋಣ.

ಡ್ರೈವರ್ ಎಂದರೇನು?

ಡ್ರೈವರ್ ಎಂದ ಕೂಡಲೇ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಬಸ್ಸು ನಡೆಸುವವರು ನಮ್ಮ ಕಣ್ಣಮುಂದೆ ಬರುತ್ತಾರೆ. ಕಂಪ್ಯೂಟರಿನ ಡ್ರೈವರ್ ಮನುಷ್ಯನಲ್ಲ; ಅದೊಂದು ಚಿಕ್ಕ ಪ್ರೋಗ್ರಾಂ. ಅದರ ಕೆಲಸ ದುಭಾಷಿಯ ಕೆಲಸ. ಗೂಡಲೂರಿನ ಸಂತೆಯನ್ನು ನೆನೆಯಿರಿ. ಕನ್ನಡ, ತಮಿಳು, ಮಲಯಾಳ, ಬಡಗ ಮಾತನಾಡುವವರು ಅಲ್ಲಿ ಸೇರುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದಾಗ ಎರಡೂ ಭಾಷೆ ಬಲ್ಲವರು ನಡುವೆ ನಿಂತು ವ್ಯಾಪಾರ ಕುದುರಿಸುತ್ತಾರೆ. ಹಾಗೆಯೇ ಕಂಪ್ಯೂಟರಿನ ಒಳಗೆ ಒಂದು ಕಡೆ ಆಪರೇಟಿಂಗ್ ಸಿಸ್ಟಮ್ ಇದೆ. ಇನ್ನೊಂದು ಕಡೆ ಪರದೆ, ಕೀಲಿಮಣೆ, ಧ್ವನಿಯ ಚಿಪ್ಪು, ಪ್ರಿಂಟರ್, ವೈಫೈ ಮೊದಲಾದ ಭಾಗಗಳಿವೆ. ಒಂದೊಂದು ಭಾಗವನ್ನು ಒಂದೊಂದು ಸಂಸ್ಥೆ ತಯಾರಿಸಿರುತ್ತದೆ. ಪ್ರತಿಯೊಂದಕ್ಕೂ ಅದರದೇ ಭಾಷೆ. ವ್ಯವಸ್ಥೆಯ ಅಪ್ಪಣೆಯನ್ನು ಆ ಭಾಗಕ್ಕೆ ತಿಳಿಯುವಂತೆ ಹೇಳಿ, ಅದರ ಉತ್ತರವನ್ನು ಹಿಂದಕ್ಕೆ ತರುವುದೇ ಡ್ರೈವರ್.

ಈಗ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿತೆನ್ನಿ. ಅದರ ನಿಯಮಗಳು ಕೆಲಮಟ್ಟಿಗೆ ಬದಲಾಗಿರುತ್ತವೆ. ಹಳೆಯ ದುಭಾಷಿಗೆ ಹಳೆಯ ನಿಯಮವೇ ಗೊತ್ತು. ಹಿಂದೆ ಸರಿಯಾಗಿದ್ದ ಮಾತೇ ಈಗ ತಪ್ಪಾಗುತ್ತದೆ. ಯಂತ್ರದ ಒಂದು ತಿರುಪೂ ಸಡಿಲವಾಗಿಲ್ಲ, ಒಂದು ತಂತಿಯೂ ಸುಟ್ಟಿಲ್ಲ; ಆದರೂ ಕೆಲಸ ನಿಂತಿತು. ಇನ್ನೊಂದು ವಿಷಯವೂ ಇದೆ. ಹಳೆಯ ಯಂತ್ರಗಳಲ್ಲಿ ಎಷ್ಟೋ 32 ಬಿಟ್ ವ್ಯವಸ್ಥೆಯವು. ವಿಂಡೋಸ್ 11 ದೊರೆಯುವುದು 64 ಬಿಟ್ ರೂಪದಲ್ಲಿ ಮಾತ್ರ. 32 ಬಿಟ್ಟಿಗೆಂದು ಬರೆದ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ.

ಒಂದು ತಪ್ಪಿದರೆ ಎಲ್ಲವೂ ಏಕೆ ನಿಲ್ಲುತ್ತದೆ?

ಬಸ್ಸಿನಲ್ಲಿ ಪ್ರಯಾಣಿಕನೊಬ್ಬ ನಿದ್ದೆ ಹೋದರೆ ಬಸ್ಸಿಗೇನೂ ಆಗದು; ಚಾಲಕನೇ ತೂಕಡಿಸಿದರೆ ಎಲ್ಲರಿಗೂ ಅಪಾಯ. ನಾವು ಬಳಸುವ ಬರಹದ ತಂತ್ರಾಂಶ, ಆಟ, ಲೆಕ್ಕದ ಹಾಳೆ ಮುಂತಾದವು ಪ್ರಯಾಣಿಕರಿದ್ದಂತೆ. ಅವುಗಳಲ್ಲಿ ಒಂದು ಕೆಟ್ಟರೆ ಅದನ್ನಷ್ಟೇ ಮುಚ್ಚಿ ಮುಂದುವರಿಯಬಹುದು. ಆದರೆ ಹೆಚ್ಚಿನ ಡ್ರೈವರ್‌ಗಳು ವ್ಯವಸ್ಥೆಯ ತಿರುಳಿನ ಒಳಗೇ ಓಡುತ್ತವೆ. ಇದಕ್ಕೆ ಕರ್ನಲ್ ಎಂದು ಹೆಸರು. ಯಂತ್ರದ ಸಮಸ್ತ ನೆನಪಿನ ಮೇಲೆ ಅಲ್ಲಿ ಅವಕ್ಕೆ ಅಧಿಕಾರವಿದೆ. ಅಲ್ಲಿರುವ ಡ್ರೈವರ್ ತನ್ನದಲ್ಲದ ಜಾಗಕ್ಕೆ ಕೈಹಾಕಿದರೆ, ಕಡತಗಳು ಹಾಳಾಗದಿರಲೆಂದು ವಿಂಡೋಸ್ ತಾನಾಗಿಯೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಆಗ ಕಾಣುವುದೇ ನೀಲಿ ಪರದೆ. 2025ರ ಹೊಸ ಆವೃತ್ತಿಯಿಂದ ವಿಂಡೋಸ್ 11ರಲ್ಲಿ ಅದು ಕಪ್ಪು ಬಣ್ಣದ್ದಾಗಿದೆ. ಆದ್ದರಿಂದ ಈ ಪರದೆಯನ್ನು ಕಂಡು ಹೆದರಬೇಕಾದುದಿಲ್ಲ. ಅದು ಯಂತ್ರ ಸತ್ತಿತೆಂಬ ಸುದ್ದಿಯಲ್ಲ. ಬ್ರೇಕು ಹಾಕಿದ ಗುರುತು.

ನಡೆದ ಕೆಲವು ಸಂಗತಿಗಳು

ಇದು ಬಡವರ ಹಳೆಯ ಯಂತ್ರಕ್ಕೆ ಮಾತ್ರ ಬರುವ ಕಾಯಿಲೆಯೆಂದು ತಿಳಿಯಬಾರದು. 2007ರಲ್ಲಿ ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬಂದಾಗ ಜಗತ್ತಿನಾದ್ಯಂತ ಯಂತ್ರಗಳು ಕೈಕೊಟ್ಟವು. ಮುಂದೆ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಹೊರಬಂದ ಮೈಕ್ರೋಸಾಫ್ಟಿನ ದಾಖಲೆಗಳಲ್ಲಿ, ಆ ಕಾಲದಲ್ಲಿ ದಾಖಲಾದ ಕ್ರ್ಯಾಶ್‌ಗಳ ಪೈಕಿ ಶೇಕಡ 28.8ರಷ್ಟು ಎನ್‌ವಿಡಿಯಾ ಸಂಸ್ಥೆಯ ಚಿತ್ರಪರದೆ ಡ್ರೈವರ್‌ಗಳ ಹೆಸರಿನಲ್ಲಿದ್ದವು.

2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಪಡೆದ ಕೆಲವು ಎಚ್‌ಪಿ ಕಂಪ್ಯೂಟರ್‌ಗಳು “ಡಬ್ಲ್ಯೂಡಿಎಫ್ ವಯೊಲೇಷನ್” ಎಂಬ ನೀಲಿ ಪರದೆ ತೋರಿ ನಿಂತವು. ಕಾರಣವಾದದ್ದು ಕೀಲಿಮಣೆಯ ಒಂದು ಸಣ್ಣ ಡ್ರೈವರ್! 2021ರಲ್ಲಿ ವಿಂಡೋಸ್ 11 ಬಂದಾಗ, 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇದ್ದ ಕೆಲವು ಯಂತ್ರಗಳಲ್ಲಿ ಧ್ವನಿಯ ಡ್ರೈವರಿನಿಂದ ಇದೇ ತೊಂದರೆಯಾಯಿತು. ಆವೃತ್ತಿ ಸಂಖ್ಯೆಯ ಕೊನೆಯಲ್ಲಿ 5152 ಎಂದಿದ್ದ ಎರಡು ಡ್ರೈವರ್‌ಗಳು ದೋಷಯುಕ್ತವಾಗಿದ್ದವು; 5714 ಎಂದಿದ್ದವು ಸರಿಯಾಗಿದ್ದವು. ಆವೃತ್ತಿಯ ಸಂಖ್ಯೆಯನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

2024ರ ಜುಲೈ 19ರಂದು ಇದಕ್ಕಿಂತ ದೊಡ್ಡ ಅನಾಹುತ ಸಂಭವಿಸಿತು. ಅದು ಹೊಸ ಆಪರೇಟಿಂಗ್ ಸಿಸ್ಟಮಿನಿಂದ ಆದುದಲ್ಲ; ಆದರೂ ಡ್ರೈವರಿನ ಶಕ್ತಿ ಎಷ್ಟೆಂದು ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಯುಕ್ತ ಕಡತವೊಂದನ್ನು ಅದರ ಡ್ರೈವರ್ ಓದಿದೊಡನೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಪರಿಹಾರವಾದರೋ ಸರಳ: ಸೇಫ್ ಮೋಡಿನಲ್ಲಿ ಯಂತ್ರ ತೆರೆದು ಆ ಒಂದು ಕಡತವನ್ನು ಅಳಿಸುವುದು. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಪರಿಹಾರದ ಕ್ರಮ

ವೈದ್ಯರು ಮೊದಲು “ಯಾವಾಗಿನಿಂದ ಜ್ವರ? ಅದಕ್ಕೆ ಮುಂಚೆ ಏನು ತಿಂದಿರಿ?” ಎಂದು ಕೇಳುತ್ತಾರಷ್ಟೆ. ಇಲ್ಲಿಯೂ ಹಾಗೆಯೇ. ಕೊನೆಯದಾಗಿ ಏನು ಬದಲಾಯಿತೋ ಅದನ್ನು ಮೊದಲು ಸಂಶಯಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಮಾಡಿದ್ದನ್ನೆಲ್ಲ ನೋಟು ಪುಸ್ತಕದಲ್ಲಿ ಬರೆಯಬೇಕು. ಐದು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದೇ ತಿಳಿಯುವುದಿಲ್ಲ.

1. ಪರದೆಯ ಮೇಲಿನ ಮಾತನ್ನು ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರ ತೆಗೆದರೂ ಆದೀತು. ಅಲ್ಲಿ ದೋಷದ ಹೆಸರೂ, ಕೆಲವು ಸಲ “ಡಾಟ್ ಎಸ್‌ವೈಎಸ್” ಎಂದು ಕೊನೆಗೊಳ್ಳುವ ಕಡತದ ಹೆಸರೂ ಇರುತ್ತದೆ. ಸಾಮಾನ್ಯವಾಗಿ ಆ ಕಡತವೇ ಡ್ರೈವರ್.

2. ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಕ್ಯಾಮೆರಾ ಮುಂತಾದವನ್ನು ಕಿತ್ತು ಯಂತ್ರವನ್ನು ಆರಂಭಿಸಿರಿ. ಈಗ ಸರಿಯಾಗಿ ನಡೆದರೆ ಅವುಗಳನ್ನು ಒಂದೊಂದಾಗಿ ಸೇರಿಸಿ ನೋಡಿರಿ. ಕಳ್ಳ ಸಿಕ್ಕುತ್ತಾನೆ.

3. ಆಗಲೂ ನಿಂತರೆ ಸೇಫ್ ಮೋಡಿಗೆ ಹೋಗಿರಿ. ಇದು ಅತ್ಯಗತ್ಯವಾದ ಡ್ರೈವರ್‌ಗಳನ್ನು ಮಾತ್ರ ಬಳಸಿ ಯಂತ್ರ ನಡೆಸುವ ವಿಧಾನ. ಘಾಟಿಯಲ್ಲಿ ಕಡಿಮೆ ಗೇರಿನಲ್ಲಿ ಇಳಿದಂತೆ. ವಿಂಡೋಸ್ 7ರಲ್ಲಿ ಆರಂಭದಲ್ಲಿಯೇ ಎಫ್8 ಕೀಲಿ ಒತ್ತಬೇಕು. ವಿಂಡೋಸ್ 10 ಮತ್ತು 11ರಲ್ಲಿ ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಕೊಡಬೇಕು. ಅಲ್ಲಿಯವರೆಗೂ ಯಂತ್ರ ಬರದಿದ್ದರೆ, ಅದು ಏಳುತ್ತಿರುವಾಗಲೇ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿಯ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ದಾರಿ ಹಿಡಿದು, ಯಂತ್ರ ಮತ್ತೆ ಆರಂಭವಾದಾಗ 4ನ್ನು ಒತ್ತಿರಿ. ಕೆಲವು ಯಂತ್ರಗಳು ಬಿಟ್‌ಲಾಕರ್ ಕೀಲಿ ಸಂಖ್ಯೆಯನ್ನು ಕೇಳುತ್ತವೆ. ಅದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

4. ಸೇಫ್ ಮೋಡಿನಲ್ಲಿ ಯಂತ್ರ ತೆರೆದುಕೊಂಡರೆ, ರಿಪೇರಿಗೆ ಕೈಹಾಕುವ ಮೊದಲು ಮುಖ್ಯವಾದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿರಿ. ಇದಾದ ಮೇಲೆ ಏನೇ ಆದರೂ ನಿಮ್ಮ ಬರಹ ನಿಮ್ಮ ಬಳಿ ಉಳಿಯಿತು.

5. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಇರುವ ಭಾಗವನ್ನೂ ನೀವು ಬರೆದುಕೊಂಡ ಹೆಸರಿಗೆ ಸಂಬಂಧಿಸಿದ ಭಾಗವನ್ನೂ ನೋಡಿರಿ. ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ “ರೋಲ್ ಬ್ಯಾಕ್ ಡ್ರೈವರ್” ಎಂಬುದನ್ನು ಒತ್ತಿದರೆ ಹಿಂದಿನ ಡ್ರೈವರ್ ಮರಳುತ್ತದೆ. ಹೊಸ ವ್ಯವಸ್ಥೆ ಹಾಕಿದ ಮೇಲೆ ಎಷ್ಟೋ ಸಲ ಈ ಗುಂಡಿ ಮಂಕಾಗಿರುತ್ತದೆ. ಆಗ ಆ ಡ್ರೈವರನ್ನು ತೆಗೆದುಹಾಕಿ ಯಂತ್ರವನ್ನು ಮತ್ತೆ ಆರಂಭಿಸಿರಿ. ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರನ್ನು ಹಾಕಿಕೊಳ್ಳಲು ಯತ್ನಿಸುತ್ತದೆ.

6. ಸರಿಯಾದ ಡ್ರೈವರನ್ನು ಯಂತ್ರ ತಯಾರಿಸಿದ ಸಂಸ್ಥೆಯ ತಾಣದಿಂದಲೇ ತನ್ನಿರಿ. ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರು ಇರುತ್ತದೆ. ವಿಂಡೋಸಿನ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ ಎಂಬುದು ಹೊಂದಬೇಕು. “ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಷಣದಲ್ಲಿ ಸರಿಮಾಡುತ್ತೇವೆ” ಎಂದು ಆಸೆ ತೋರಿಸುವ ಪ್ರೋಗ್ರಾಂಗಳ ಗೊಡವೆ ಬೇಡ.

7. ಏನು ಮಾಡಿದರೂ ಆಗದಿದ್ದರೆ ಹಳೆಯ ವ್ಯವಸ್ಥೆಗೆ ಮರಳಬಹುದು. ವಿಂಡೋಸ್ 11ಕ್ಕೆ ಏರಿಸಿದ ನಂತರ 10 ದಿನಗಳವರೆಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ “ಗೋ ಬ್ಯಾಕ್” ಎಂಬ ಅನುಕೂಲವಿರುತ್ತದೆ. ಆ ಅವಧಿಯಲ್ಲಿ ಜಾಗ ಉಳಿಸುವ ಆಸೆಯಿಂದ “ವಿಂಡೋಸ್ ಡಾಟ್ ಓಲ್ಡ್” ಎಂಬ ಫೋಲ್ಡರನ್ನು ಅಳಿಸಬಾರದು. ಹಳೆಯ ವ್ಯವಸ್ಥೆ ಇರುವುದು ಅದರಲ್ಲಿಯೇ.

ಲಿನಕ್ಸ್ ಬಳಸುವವರಿಗೂ ಒಂದು ಮಾತು. ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ಲಿನ ಜೊತೆಯಲ್ಲೇ ಬರುತ್ತವೆ. ಹೊಸ ಕರ್ನಲ್ ಬಂದ ಮೇಲೆ ಯಂತ್ರ ನಿಂತರೆ, ಆರಂಭದ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಆರಿಸಿ ಹಿಂದಿನ ಕರ್ನಲ್ಲಿನಿಂದ ಆರಂಭಿಸಬಹುದು.

ಡ್ರೈವರಿನದಲ್ಲದ ದೋಷ

ಎಲ್ಲ ತಪ್ಪನ್ನೂ ಡ್ರೈವರಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಸೇಫ್ ಮೋಡಿನಲ್ಲಿಯೂ ಯಂತ್ರ ನಿಲ್ಲುತ್ತಿದ್ದರೆ, ಪ್ರತಿಸಲವೂ ಬೇರೆ ಬೇರೆ ದೋಷದ ಹೆಸರು ಬರುತ್ತಿದ್ದರೆ, ಮೆಮೊರಿಯನ್ನೋ ಡಿಸ್ಕನ್ನೋ ಸಂಶಯಿಸಬೇಕು. ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆ ಇದಕ್ಕೆ ಸಹಾಯಕ. ಧೂಳು ತುಂಬಿ ಫ್ಯಾನು ತಿರುಗದಿದ್ದರೂ ಯಂತ್ರ ಬಿಸಿಯೇರಿ ನಿಲ್ಲುತ್ತದೆ. ಸ್ಟಾರ್ಟ್ ಪಟ್ಟಿಯಲ್ಲಿ “ರಿಲಯಬಿಲಿಟಿ ಹಿಸ್ಟರಿ” ಎಂದು ಹುಡುಕಿದರೆ, ಯಾವ ದಿನ ಏನು ಹಾಕಲಾಯಿತು, ಯಾವ ದಿನ ಯಂತ್ರ ನಿಂತಿತು ಎಂಬ ದಿನಚರಿ ಸಿಗುತ್ತದೆ. 

ಮುನ್ನೆಚ್ಚರಿಕೆ

ನಮ್ಮ ಜಿಲ್ಲೆಯಲ್ಲಿ ರಿಪೇರಿಯ ಅಂಗಡಿ ಎಲ್ಲರಿಗೂ ಹತ್ತಿರವಿಲ್ಲ. ಮಸಿನಗುಡಿಯವರು ಉದಕಮಂಡಲಕ್ಕೋ ಗೂಡಲೂರಿಗೋ ಹೋಗಬೇಕು. ಮೈಸೂರಿಗೆ ಒಯ್ಯೋಣವೆಂದರೆ ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆದುದರಿಂದ ಮುನ್ನೆಚ್ಚರಿಕೆ ನಮಗೆ ಇತರರಿಗಿಂತ ಹೆಚ್ಚು ಅಗತ್ಯ.

ಹೊಸ ವ್ಯವಸ್ಥೆ ಹಾಕುವ ಮೊದಲು ಎಲ್ಲ ಕಡತಗಳನ್ನೂ ಬೇರೊಂದು ಕಡೆ ನಕಲು ಮಾಡಿರಿ. ಯಂತ್ರವು ಆ ವ್ಯವಸ್ಥೆಗೆ ಅರ್ಹವೇ ಎಂದು ನೋಡಿರಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಬಲವಂತದಿಂದ ಹಾಕಿದರೆ ಡ್ರೈವರ್ ಸಿಗದೆ ಪರದಾಡಬೇಕಾದೀತು. ವೈಫೈ ಡ್ರೈವರನ್ನು ಮುಂಚೆಯೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿರಿ. ಅದೊಂದೇ ಕೈಕೊಟ್ಟರೆ ಉಳಿದ ಡ್ರೈವರ್‌ಗಳನ್ನು ತರಲು ಇಂಟರ್‌ನೆಟ್ಟೇ ಇರುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ನಮಗೆ ಹೊಸದಲ್ಲ. ಪರೀಕ್ಷೆಯ ಹಿಂದಿನ ವಾರ ಈ ಕೆಲಸಕ್ಕೆ ಕೈಹಾಕಲೇಬೇಡಿರಿ.

ಮಿತ್ರರೇ, ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ವಿಜ್ಞಾನದ ರೀತಿಯೂ ಇದೇ ಅಲ್ಲವೇ? ನೋಡುವುದು, ಬರೆಯುವುದು, ಒಂದೊಂದನ್ನೇ ಬದಲಿಸಿ ಕಾರಣವನ್ನು ಹುಡುಕುವುದು. ಈ ರೀತಿ ತಿಳಿದ ಒಬ್ಬ ವಿದ್ಯಾರ್ಥಿ ಊರಿನಲ್ಲಿದ್ದರೆ ಹತ್ತು ಮನೆಗಳ ಯಂತ್ರ ಗುಜರಿಗೆ ಹೋಗುವುದು ತಪ್ಪುತ್ತದೆ; ಹತ್ತು ಮನೆಗಳ ಕಾಗದಪತ್ರ ಉಳಿಯುತ್ತವೆ. ಮುಂದೆ ಯಾರಾದರೂ “ಫಾರ್ಮ್ಯಾಟ್ ಮಾಡಿಬಿಡಿ” ಎಂದಾಗ “ಸ್ವಲ್ಪ ತಾಳಿರಿ, ಮೊದಲು ಡ್ರೈವರ್ ನೋಡೋಣ” ಎಂದು ಹೇಳುವ ಧೈರ್ಯ ನಮ್ಮಲ್ಲಿ ಒಬ್ಬೊಬ್ಬರಿಗೂ ಬರಲಿ.