ಚಿಲ್ಲರ್ ಟಕ್ ಟಕ್ ಅಂದರೆ ಯಾರನ್ನು ಕೇಳಬೇಕು?

ಮೇ ತಿಂಗಳ ಒಂದು ಬೆಳಗ್ಗೆ ಅಣ್ಣನ ಮಗ ಫೋನ್ ಮಾಡಿದ. "ಕಾಕಾ, ಮಷಿನ್ ಟಕ್ ಅಂತದ, ಚಾಲೂ ಆಗ್ತದ. ಮೂರು ನಿಮಿಷಕ್ಕ ಬಂದ್. ಮತ್ತ ಟಕ್. ಮೀನೆಲ್ಲಾ ಮ್ಯಾಲ ಬಂದು ಬಾಯಿ ತಕ್ಕೊಂಡು ನಿಂತಾವ."

ತೆಲಂಗಾಣದ ನಾರ್ವದಲ್ಲಿ ಅವನದು ಬಣ್ಣದ ಮೀನಿನ ಸಣ್ಣ ಅಂಗಡಿ. ನಾಲ್ಕು ಗಾಜಿನ ತೊಟ್ಟಿ, ಒಬ್ಬನೇ ಮಾಲೀಕ, ಒಬ್ಬನೇ ಆಳು. ನಮ್ಮ ಬೇಸಿಗೆಯಲ್ಲಿ ಗೋಲ್ಡ್‌ಫಿಶ್ ಉಳಿಯುವುದು ಕಷ್ಟ ಎಂದು ರಾಯಚೂರಿನ ಅಂಗಡಿಯೊಂದರಿಂದ ನೀರು ತಣ್ಣಗಾಗಿಸುವ ಚಿಲ್ಲರ್ ತಂದು ಎರಡು ತಿಂಗಳಾಗಿತ್ತಷ್ಟೆ. ಮೀನು ಮೇಲೆ ಬರುವುದಕ್ಕೆ ಕಾರಣ ಸರಳ: 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಮಷಿನ್ ಮಾರಿದವರು "ಕಂಪನಿಗೆ ಹೇಳ್ರಿ" ಅಂದಿದ್ದರು. ಕಂಪನಿಯ ಮಂದಿ "ನಿಮ್ಮೂರ ಕರೆಂಟ್ ಸರಿ ಇಲ್ಲ" ಅಂದಿದ್ದರು. ಊರಿನ ಎಲೆಕ್ಟ್ರಿಷಿಯನ್ ಮುಟ್ಟಿಯೂ ನೋಡದೆ "ಗ್ಯಾಸ್ ಹೋಗ್ಯಾದ" ಎಂದು ಹೋಗಿದ್ದ. ಹುಡುಗನಿಗೆ ಕೇಸು ಹಾಕುವ ಸಿಟ್ಟು.

ಹಾಕಬಹುದು. ಆದರೆ ಯಾರ ಮೇಲೆ? ಟಕ್ ಎನ್ನುವ ಸದ್ದು ಒಂದೇ ಆದರೂ ಅದರ ಹೊಣೆ ಮೂವರಲ್ಲಿ ಯಾರದಾದರೂ ಇರಬಹುದು. ಅದನ್ನು ಬಿಡಿಸಿಕೊಳ್ಳದೆ ಅರ್ಜಿ ಬರೆದರೆ ಎದುರಿನವರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿ ಪಾರಾಗುತ್ತಾರೆ.

ಮೊದಲ ಹೊಣೆಗಾರರು ನಾವೇ ಆಗಿರಬಹುದು. ಚಿಲ್ಲರನ್ನು ತೊಟ್ಟಿಯ ಕೆಳಗಿನ ಮರದ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದರೆ ಅದು ಉಗುಳಿದ ಬಿಸಿ ಗಾಳಿಯನ್ನೇ ಮತ್ತೆ ಕುಡಿಯುತ್ತದೆ. ಕಂಪ್ರೆಸರ್ ಕಾಯುತ್ತದೆ, ಓವರ್‌ಲೋಡ್ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಫಿಲ್ಟರಿನ ಸ್ಪಂಜು ಕಟ್ಟಿಕೊಂಡು ನೀರು ನಿಧಾನ ಹರಿದರೂ ಇದೇ ಗತಿ: ಒಳಗಿರುವ ಒಂದಿಷ್ಟು ನೀರು ಬೇಗ ತಣ್ಣಗಾಗಿ, ಕೆಲಸ ಮುಗಿಯಿತೆಂದು ಮಷಿನ್ ನಿಲ್ಲುತ್ತದೆ, ತೊಟ್ಟಿಯ ಬಿಸಿ ನೀರು ಬಂದೊಡನೆ ಮತ್ತೆ ಏಳುತ್ತದೆ. ನಿಲ್ಲುವ ಡಿಗ್ರಿಗೂ ಏಳುವ ಡಿಗ್ರಿಗೂ ನಡುವಿನ ಅಂತರವನ್ನು ತೀರಾ ಕಡಿಮೆ ಇಟ್ಟರೂ ಹೀಗೆಯೇ. ಇವು ಯಾವುದಕ್ಕೂ ಮಾರಿದವರನ್ನು ಹೊಣೆ ಮಾಡಲಾಗದು, ಹಾಗೆ ಇಡಲು ಅವರೇ ಹೇಳಿಕೊಟ್ಟಿದ್ದ ಹೊರತು.

ಎರಡನೆಯದು ತಯಾರಿಕೆಯ ದೋಷ: ಸುಳ್ಳು ಡಿಗ್ರಿ ತೋರಿಸುವ ಸೆನ್ಸರ್, ಕೆಟ್ಟ ರಿಲೇ, ಸೋರಿದ ಗ್ಯಾಸ್. ಮೂರನೆಯದು ಡಿಮ್ ಕರೆಂಟ್. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಹೊಲದ ಮೋಟಾರಿಗೆ 24 ಗಂಟೆ ಉಚಿತ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ತೆಗೆಸಿ ಎಂದು ಅಧಿಕಾರಿಗಳು ಬೇಡಿಕೊಂಡದ್ದು ಸುಮ್ಮನೆ ಅಲ್ಲ. ಹೋದ ಕರೆಂಟ್ ಬಂದ ಕ್ಷಣಕ್ಕೆ ಅಷ್ಟೂ ಮೋಟಾರುಗಳು ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಆ ಹೊತ್ತಿಗೆ ಕಂಪ್ರೆಸರ್ ಗುಂಯ್ ಎನ್ನುತ್ತದೆ, ಏಳಲಾರದೆ ಟಕ್ ಎಂದು ಬೀಳುತ್ತದೆ.

ಅವನಿಗೆ ನಾನು ಹೇಳಿದ್ದು ಒಂದೇ ಕೆಲಸ: ನೋಟ್‌ಬುಕ್ಕಿಗೆ ದಾರ ಕಟ್ಟಿ ತೊಟ್ಟಿಯ ಪಕ್ಕ ನೇತುಹಾಕು, ಪ್ರತಿ ಟಕ್ಕನ್ನೂ ಬರಿ. ನಾಲ್ಕು ದಿನ ಬರೆದ. ಒಂದು ಸಾಲು ಹೀಗಿತ್ತು: "11:04 ಚಾಲೂ, 11:07 ಬಂದ್. ತೊಟ್ಟಿ ಥರ್ಮಾಮೀಟರ್ 29, ಮಷಿನ್ ಮ್ಯಾಲ 24, ವೋಲ್ಟೇಜ್ 226." ಇಡೀ ತಕರಾರು ಆ ಸಾಲಿನಲ್ಲಿದೆ. ವೋಲ್ಟೇಜ್ 230ರ ಆಸುಪಾಸಿನಲ್ಲೇ ಇದೆ, ಕರೆಂಟಿನ ಮಾತು ಮುಗಿಯಿತು. ನೀರು 29 ಇರುವಾಗ ಮಷಿನ್ 24 ಎನ್ನುತ್ತಿದೆ, ಅಂದರೆ ತಪ್ಪು ಸೆನ್ಸರಿನದು, ಇಲ್ಲವೇ ನೀರಿನ ಹರಿವಿನದು. ಸ್ಪಂಜು ತೊಳೆಸಿದೆ, ಮಷಿನನ್ನು ಕಪಾಟಿನಿಂದ ಹೊರಗೆ ಇಡಿಸಿದೆ. ಹೌದು, ಅವನೂ ಕಪಾಟಿನಲ್ಲೇ ಇಟ್ಟಿದ್ದ. ಮೂರು ನಿಮಿಷದ ಓಟ ಐದಾಯಿತು, 24 ಮಾತ್ರ 24 ಆಗಿಯೇ ಉಳಿಯಿತು. ಈಗ ರಾಯಚೂರಿನವರನ್ನು ಕೇಳಬಹುದು.

ಗಡಿಯವರಾದ ನಮಗೆ ಇಲ್ಲೇ ಕಾಲು ಹಿಂದೇಟು ಹಾಕುವುದು. ಬಿಲ್ ಕರ್ನಾಟಕದ್ದು, ನಾವು ತೆಲಂಗಾಣದವರು, ಕೃಷ್ಣೆ ದಾಟಿ ಅಲ್ಲಿಯ ಕಚೇರಿಗೆ ಎಷ್ಟು ಸಲ ತಿರುಗುವುದು? ತಿರುಗಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 34ನೇ ಕಲಮಿನ ಪ್ರಕಾರ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ; ಹೊಸದು 2020ರ ಜುಲೈಯಲ್ಲಿ ಜಾರಿಗೆ ಬಂತು. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರ ಫೆಬ್ರವರಿ 17ರಂದು ಬೇರೆ ಜಿಲ್ಲೆಗಳಾದರೂ ನಾರ್ವ, ಮಕ್ತಲ್, ಗದ್ವಾಲದವರ ಗ್ರಾಹಕ ಆಯೋಗ ಇರುವುದು ಹಳೆಯ ಜಿಲ್ಲಾ ಕೇಂದ್ರ ಮಹಬೂಬ್‌ನಗರದಲ್ಲಿ. ಅಲ್ಲಿಗೂ ಪ್ರತಿ ಸಲ ಹೋಗಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಿ, ವಿಚಾರಣೆಗೆ ವೀಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ವಕೀಲರು ಕಡ್ಡಾಯವಲ್ಲ.

"ನೀನು ವ್ಯಾಪಾರಿ, ಗ್ರಾಹಕನಲ್ಲ" ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ ಎಂಬುದು ನಿಜ. ಆದರೆ ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡುವವನು ಅದಕ್ಕೆಂದೇ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. ಆಳುಕಾಳು ಇಟ್ಟು ಐದು ಶಾಖೆ ನಡೆಸುವವರಿಗೆ ಈ ರಕ್ಷೆ ಕಷ್ಟ. ನಾಲ್ಕು ತೊಟ್ಟಿಯ ಹುಡುಗನಿಗೆ, ಸೋಡಾ ಅಂಗಡಿಯ ಫ್ರಿಜ್ಜಿಗೆ, ಮೀನು ಮಾರುವವರ ಡೀಪ್ ಫ್ರೀಜರಿಗೆ ಸಲ್ಲುತ್ತದೆ. ದೂರಿನಲ್ಲಿ ಮಾತ್ರ "ನನ್ನ ಜೀವನೋಪಾಯಕ್ಕಾಗಿ, ನಾನೇ ದುಡಿಯುವ ಅಂಗಡಿಗೆ ಕೊಂಡಿದ್ದೇನೆ" ಎಂಬ ಸಾಲು ಇರಲೇಬೇಕು. ಅದನ್ನು ಬಿಟ್ಟು ಸೋತವರಿದ್ದಾರೆ.

"ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚಾದ ಸಾಲಿಗೂ ಹೆದರಬೇಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದನ್ನು ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. "ಬಿಲ್ ಬ್ಯಾಡ ಅಂದ್ರ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ನಾವು ಒಪ್ಪುವುದೂ ಹೆಚ್ಚು, ಆಮೇಲೆ ಅಳುವುದೂ ಹೆಚ್ಚು.

ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಲೆಕ್ಕಕ್ಕೆ ಹಿಡಿಯುವುದು ನೀವು ಕೇಳುವ ಪರಿಹಾರವನ್ನಲ್ಲ, ವಸ್ತುವಿಗೆ ಕೊಟ್ಟ ಹಣವನ್ನು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ವಾರಂಟಿ ಅವಧಿ ಬೇರೆ, ಈ ಎರಡು ವರ್ಷ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಸುಮ್ಮನೆ ಕೂತವರನ್ನು ಬಹಳ ನೋಡಿದ್ದೇನೆ.

ಎದುರುಪಕ್ಷ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಅದರಾಚೆಗೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿತು. ಆ ಪ್ರಕರಣದ ಒಂದು ಪಕ್ಷ ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್. ತಣ್ಣನೆಯ ಮಷಿನ್ನಿನ ಜಗಳ ಹಿಡಿದವರಿಗೆ ನೆನಪಿಡಲು ಸುಲಭವಾದ ಹೆಸರು.

ದೋಷ ಇದೆಯೋ ಇಲ್ಲವೋ ಕಣ್ಣಿಗೆ ಕಾಣದಿದ್ದರೆ 38ನೇ ಕಲಮಿನಡಿ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಬೇಕಾದದ್ದು ಐದರಲ್ಲಿ ಮುಗಿಯಬೇಕೆಂದು ಕಾಯ್ದೆಯಲ್ಲಿದೆ. ಕಾಯ್ದೆಯಲ್ಲಿದೆ, ಅಷ್ಟೇ, ತಾಳ್ಮೆ ಹೆಚ್ಚು ಇಟ್ಟುಕೊಳ್ಳಿ. ಆದೇಶ ಬಂದ ಮೇಲೂ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನೋಟ್‌ಬುಕ್ಕಿನ ವೋಲ್ಟೇಜ್ ಕಾಲಮ್ಮಿನಲ್ಲಿ 160, 170 ಬರುತ್ತಿದ್ದರೆ ದಾರಿಯೇ ಬೇರೆ. 1912ಕ್ಕೆ ದೂರು ಕೊಟ್ಟು ನಂಬರ್ ಬರೆದುಕೊಳ್ಳಿ. ಸರಿಹೋಗದಿದ್ದರೆ ವಿದ್ಯುತ್ ಕಾಯ್ದೆ 2003ರ 42ನೇ ಕಲಮಿನಡಿ ಇರುವ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಗುಣಮಟ್ಟ ಕಾಯದಿದ್ದರೆ ಪರಿಹಾರ ಕೊಡಬೇಕೆನ್ನುವುದು 57ನೇ ಕಲಮು. ಇಡೀ ಬೀದಿಗೆ ಡಿಮ್ ಇದ್ದರೆ ಹತ್ತು ಮನೆಯವರು ಸೇರಿ ಬರೆಯಿರಿ, ಒಬ್ಬನ ಚಿಲ್ಲರಿಗಿಂತ ಅದಕ್ಕೆ ತೂಕ ಹೆಚ್ಚು.

ಇಷ್ಟೆಲ್ಲ ಶುರುವಾಗುವ ಮೊದಲು 1915ಕ್ಕೆ ಒಂದು ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ತಾಕೀತು ಮಾಡುತ್ತಾರೆ. ಬಹಳ ಸಲ ಅಷ್ಟು ಸಾಕಾಗುತ್ತದೆ. ಕಾನೂನು ನೆರವು ಬೇಕಾದವರು 15100ಕ್ಕೆ ಮಾಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.

ನಮ್ಮ ಹುಡುಗ ಒಂದು ಪುಟದ ನೋಟಿಸು ಬರೆದ. ಕೊಂಡ ದಿನ, ಬಿಲ್ ನಂಬರ್, ನೋಟ್‌ಬುಕ್ಕಿನ ನಾಲ್ಕು ಪುಟದ ಝೆರಾಕ್ಸ್, ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ ತಾರೀಖುಗಳು. ಹದಿನೈದು ದಿನದಲ್ಲಿ ರಿಪೇರಿ ಮಾಡಿ, ಇಲ್ಲವೇ ಬದಲಿಸಿ, ಇಲ್ಲವೇ ದುಡ್ಡು ಕೊಡಿ ಎಂದಷ್ಟೇ. ಬೈಗುಳ ಒಂದಿತ್ತು, ನಾನು ಹೊಡೆದು ಹಾಕಿದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಅಂಗಡಿಗೊಂದು, ಕಂಪನಿಗೊಂದು ಕಳಿಸಿ ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದ.

ಹನ್ನೊಂದನೇ ದಿನ ಮೆಕ್ಯಾನಿಕ್ ಬಂದ. ಸಂಜೆ ಫೋನ್: "ಕಾಕಾ, ಸೆನ್ಸರ್ ಬದಲಿ ಮಾಡ್ಯಾನ. ಜಾಬ್ ಶೀಟ್ ಮ್ಯಾಲ ಬರೇ 'ಸರಿ ಮಾಡಲಾಗಿದೆ' ಅಂತ ಬರ್ದಿದ್ದ. 'ಸೆನ್ಸರ್ ದೋಷ' ಅಂತ ಬರಿಸ್ಕೊಂಡು ಸಹಿ ತಗೊಂಡೀನಿ." ತೊಟ್ಟಿ ಎಷ್ಟದ ಎಂದು ಕೇಳಿದೆ. ದಾರ ಎಳೆದು ನೋಟ್‌ಬುಕ್ ತೆರೆದ ಸದ್ದಾಯಿತು. "ಇಪ್ಪತ್ತೈದು. ಮಷಿನ್ ಮ್ಯಾಲನೂ ಇಪ್ಪತ್ತೈದು."