ಕೂಗದ ಕೆಲಸಕ್ಕೆ ಮೊದಲ ಗಂಟೆ

ತಮ್ಮಾ,

ನಿನ್ನ ಪ್ರೆಸ್ಸಿನಲ್ಲಿ ಇವತ್ತು ಯಾವ ಜಾಬ್ ಮೊದಲು ಮಷೀನಿಗೆ ಏರಬೇಕು ಅಂತ ಯಾರು ಹೇಳುತ್ತಾರೆ? ನೀನೇ ಹೇಳುತ್ತೀ ಅಂತ ತಿಳಿದಿದ್ದೀ. ನಾನು ನೋಡಿದ ಹಾಗೆ, ಕೌಂಟರಿನ ಮುಂದೆ ನಿಂತು ದನಿ ಏರಿಸಿದವನು ಹೇಳುತ್ತಾನೆ. ಅವನು ಹೋದ ಮೇಲೆ ಫೋನಿನಲ್ಲಿ ದನಿ ಏರಿಸಿದವನು. ಸಂಜೆಗೆ, ವಾಟ್ಸ್‌ಆ್ಯಪಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತಲೇ ಇರುವವನು. ಹೀಗೆ ದಿನ ಕಳೆದರೆ ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಮೈ ಹಣ್ಣಾಗಿರುತ್ತದೆ, ಗಲ್ಲಾ ಮಾತ್ರ ಹಗುರಾಗಿರುತ್ತದೆ.

ನಿಮ್ಮಪ್ಪನ ಜೊತೆ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಈ ಧಂದೆ ನೋಡಿಕೊಂಡು ಬಂದವನು ನಾನು. ನೀನು ಕೇಳಿದ್ದು, ಇನ್ನೊಂದು ಸೆಕೆಂಡ್‌ಹ್ಯಾಂಡ್ ಆಫ್‌ಸೆಟ್ ಮಷೀನು ತರಲೇನು ಕಾಕಾ, ಕೆಲಸ ಮುಗಿಯುವುದೇ ಇಲ್ಲ ಅಂತ. ಅದಕ್ಕೆ ಉತ್ತರ ಕೊಡುತ್ತೇನೆ, ಆದರೆ ಕೊನೆಗೆ. ಮೊದಲು ಇರುವ ಮಷೀನಿನ, ಇರುವ ತಾಸುಗಳ ಮಾತು ಆಡೋಣ.

ಪ್ರೆಸ್ಸಿನಲ್ಲಿ ಕೆಲವು ಕೆಲಸ ತಾವೇ ಬಂದು ಕೂಗುತ್ತವೆ. ಲಗ್ನಪತ್ರಿಕೆ, ಗಣೇಶ ಮಂಡಳಿಯ ರಸೀದಿ ಪುಸ್ತಕ, ನಾಳೆಯೇ ಉದ್ಘಾಟನೆ ಇರುವ ಅಂಗಡಿಯ ಕರಪತ್ರ. ಇನ್ನು ಕೆಲವು ಎಷ್ಟು ದಿನ ಬಿಟ್ಟರೂ ಬಾಯಿ ಬಿಡುವುದಿಲ್ಲ. ಕಾಲೇಜೊಂದಕ್ಕೆ ಕೊಡಬೇಕಾದ ಕೊಟೇಶನ್, ಮೂರು ತಿಂಗಳ ಹಿಂದಿನ ಉದ್ರಿ, ಕಪಾಟಿನಲ್ಲಿ ಕಡಿಮೆಯಾಗುತ್ತಿರುವ ಕಾಗದ, ಮಷೀನಿನ ಎಣ್ಣೆ, ಜಿಎಸ್‌ಟಿ ಲೆಕ್ಕ. ಕೂಗುವ ಕೆಲಸ ತಪ್ಪಿದರೆ ಒಬ್ಬ ಗಿರಾಕಿ ಬೈಯುತ್ತಾನೆ. ಕೂಗದ ಕೆಲಸ ತಪ್ಪಿದರೆ ಯಾರೂ ಬೈಯುವುದಿಲ್ಲ, ಪ್ರೆಸ್ಸೇ ಸೊರಗುತ್ತದೆ. ನಮ್ಮ ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ಇಂಥ ಊರಲ್ಲಿ ಮುಚ್ಚಿದ ಪ್ರೆಸ್ಸುಗಳನ್ನೂ ಕಂಡಿದ್ದೇನೆ. ಕೆಲಸ ಇಲ್ಲದೆ ಮುಚ್ಚಿದವು ಕಡಿಮೆ. ಕೈತುಂಬ ಕೆಲಸ ಇದ್ದೂ ರೊಕ್ಕ ಕೈಗೆ ಬಾರದೆ ಮುಚ್ಚಿದವೇ ಹೆಚ್ಚು.

ಆದ್ದರಿಂದ ಬೆಳಗಿನ ಮೊದಲ ಗಂಟೆಯನ್ನು ಕೂಗದ ಕೆಲಸಕ್ಕೆ ಕೊಡು. ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿದ ಮೇಲೆ, ಗಿರಾಕಿಯ ಫೋನು ಎತ್ತುವ ಮೊದಲು. ರೋಣ, ಮುಂಡರಗಿ ಕಡೆಯ ಗಿರಾಕಿಗಳು ಬಸ್ಸಿಳಿದು ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ಆ ಗಂಟೆ ಮುಗಿದಿರಬೇಕು. ಸಂಜೆ ಕುಳಿತು ಮಾಡುತ್ತೇನೆ ಅನ್ನಬೇಡ. ಸಂಜೆ ನಿನ್ನಲ್ಲಿ ಉಳಿಯುವುದು ದಣಿವು ಮಾತ್ರ. ದಣಿದವನು ಬಾಕಿ ಕೇಳುವಾಗ ಒಂದೋ ಜಗಳ ತೆಗೆಯುತ್ತಾನೆ, ಇಲ್ಲ ನಾಳೆ ಕೇಳಿದರಾಯಿತು ಅನ್ನುತ್ತಾನೆ.

ಆ ಗಂಟೆಯಲ್ಲೂ ಮೊದಲ ಪಾಳಿ ಯಾವುದಕ್ಕೆ? ವಸೂಲಿಗೆ ಅಂತ ನೀನು ಹೇಳುತ್ತೀ. ನಾನು ಬಿಲ್ಲಿಗೆ ಅನ್ನುತ್ತೇನೆ. ಮಾಲು ಹೋದ ದಿನವೇ ಬಿಲ್ಲು ಹೋಗದಿದ್ದರೆ ವಸೂಲಿಯ ಮಾತೇ ಇಲ್ಲ. ನಿನ್ನ ಮೇಜಿನ ಮೇಲೆ ಮಾಲು ಮುಟ್ಟಿ ವಾರವಾದರೂ ಬಿಲ್ಲಾಗದ ಜಾಬ್ ಕಾರ್ಡುಗಳ ಕಟ್ಟು ಕಂಡೆ. ಅದು ನಿನ್ನದೇ ರೊಕ್ಕ, ನೀನೇ ಬೇರೆಯವರ ಮನೆಯಲ್ಲಿ ಬಡ್ಡಿ ಇಲ್ಲದೆ ಇಟ್ಟು ಬಂದದ್ದು.

ಜಿಎಸ್‌ಟಿ ವಿಷಯದಲ್ಲಿ ಇದಕ್ಕೆ ಇನ್ನೊಂದು ಗಂಟು ಇದೆ. ತಿಂಗಳು ತಿಂಗಳು ಲೆಕ್ಕ ಕೊಡುವವರು ಮಾರಾಟದ ವಿವರದ ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ 3ಬಿಯನ್ನು 20ರೊಳಗೆ ಸಲ್ಲಿಸಬೇಕು. ವಹಿವಾಟು ಐದು ಕೋಟಿಯೊಳಗಿದ್ದು ಮೂರು ತಿಂಗಳಿಗೊಮ್ಮೆಯ ಪದ್ಧತಿ ಆರಿಸಿಕೊಂಡಿದ್ದರೆ ನಮ್ಮ ರಾಜ್ಯದವರಿಗೆ 13 ಮತ್ತು 22. ತಡವಾದರೆ ದಿನಕ್ಕೆ ಇಷ್ಟು ಅಂತ ದಂಡ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಇದು ನಿನಗೂ ಗೊತ್ತು. ನೀನು ಲಕ್ಷ್ಯ ಕೊಡದ ಮಾತು ಬೇರೆ: ನಿನ್ನ ಜಿಎಸ್‌ಟಿಆರ್-1 ಹೋಗದಿದ್ದರೆ ಗಿರಾಕಿಯ 2ಬಿ ಪಟ್ಟಿಯಲ್ಲಿ ನಿನ್ನ ಬಿಲ್ಲು ಕಾಣುವುದಿಲ್ಲ, ಅವನಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಆ ಪಟ್ಟಿ ತಯಾರಾಗುವುದು 14ಕ್ಕೆ. ದೊಡ್ಡ ಗಿರಾಕಿಯ ಅಕೌಂಟೆಂಟು ಅದನ್ನು ನೋಡಿಯೇ ನಿನ್ನ ಪೇಮೆಂಟಿಗೆ ಕೈ ಹಾಕುತ್ತಾನೆ. ಮೂರು ತಿಂಗಳ ಪದ್ಧತಿಯಲ್ಲಿರುವವರು ನಡುವಿನ ಎರಡು ತಿಂಗಳ ಬಿಲ್ಲುಗಳನ್ನೂ 13ರೊಳಗೆ ಏರಿಸಬಹುದು. ವ್ಯಾಪಾರಿ ಗಿರಾಕಿಗಳು ಇದ್ದವರು ಅದನ್ನು ಬಿಡಬಾರದು. ಅವರು ರೊಕ್ಕ ಕೊಡುತ್ತಿಲ್ಲ ಅಂತ ನೀನು ಗೊಣಗುತ್ತೀ. ಅವರು ನಿನ್ನ ಬಿಲ್ಲು ಕಾಣುತ್ತಿಲ್ಲ ಅಂತ ಸುಮ್ಮನಿರುತ್ತಾರೆ.

ವಸೂಲಿಗೆ ಬಂದರೆ, ನಿನ್ನಂಥವನ ಕೈಗೆ ಕಾನೂನು ಒಂದು ಕೋಲು ಕೊಟ್ಟಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಿಗಿ ಬಂದಿದೆ: ಅವಧಿ ಮೀರಿಸಿ ಉಳಿಸಿಕೊಂಡ ಬಾಕಿಯನ್ನು ಖರೀದಿದಾರರು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಇದರ ಲಾಭ ಸಿಗಬೇಕಾದರೆ ನೀನು ಉದ್ಯಮ್ ನೋಂದಣಿ ಮಾಲು ಕೊಡುವ ಮೊದಲೇ ಮಾಡಿಸಿರಬೇಕು. ಅದಕ್ಕೆ ಒಂದು ಪೈಸೆ ಶುಲ್ಕ ಇಲ್ಲ. ನಂಬರನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸು. ಪ್ರೆಸ್ಸಿನವನ ಬಿಲ್‌ಬುಕ್ಕಿಗೆ ಅಚ್ಚಿನ ಖರ್ಚು ಎಲ್ಲಿಯದು? ಹಾಗಂತ ಹಳೆಯ ಗಿರಾಕಿಗೆ ಮೊದಲ ದಿನವೇ ಕಾಯ್ದೆ ಓದಿ ಹೇಳಬೇಡ. ಫೆಬ್ರುವರಿ ಕೊನೆಗೆ ಅವರ ಅಕೌಂಟೆಂಟಿಗೆ ಒಂದು ಫೋನು ಮಾಡು, ನಂಬರು ನೆನಪಿಸು. ಮಾರ್ಚ್ 31ರ ಚಿಂತೆ ಅವರಿಗೂ ಇರುತ್ತದೆ.

ಇನ್ನು ನಿನ್ನ ತಾರೀಖುಗಳ ಸಂಗತಿ. ಗಿರಾಕಿ ಬಂದ ಕೂಡಲೇ “ಸೋಮವಾರ ಬರ್ರಿ” ಅಂತೀಯಲ್ಲ, ಅದೇ ನಿನ್ನ ಅರ್ಧ ತೊಂದರೆಯ ಬೇರು. ಪತ್ರಿಕೆಯ ಪ್ರೂಫ್ ಅವರ ಮನೆಯಲ್ಲಿ ಎಷ್ಟು ದಿನ ಕೂಡುತ್ತದೆ ಅಂತ ನಿನಗೇನು ಗೊತ್ತು? ಹುಡುಗನ ಕಾಕಾ ನೋಡಬೇಕು, ಹುಡುಗಿಯ ಸೋದರಮಾವ ನೋಡಬೇಕು, ಯಾರ ಹೆಸರು ಮೇಲೆ ಯಾರ ಹೆಸರು ಕೆಳಗೆ ಅಂತ ಎರಡೂ ಮನೆಯಲ್ಲಿ ಒಂದು ಸಣ್ಣ ಪಂಚಾಯ್ತಿ ಆಗಬೇಕು. ಆ ಪಂಚಾಯ್ತಿಯ ದಿನಗಳೂ ನಿನ್ನ ಲೆಕ್ಕಕ್ಕೇ ಬೀಳುತ್ತವೆ. ಅದಕ್ಕೆ ವಾರದ ಹೆಸರು ಹೇಳುವುದನ್ನೇ ಬಿಡು. “ಪ್ರೂಫ್‌ಗೆ ಸಹಿ ಬಿದ್ದ ಮೇಲೆ ನಾಲ್ಕು ದಿನ” ಅನ್ನು. ಜಾಬ್ ಕಾರ್ಡಿನ ಮೇಲೂ ಹಾಗೇ ಬರೆ. ವಾಟ್ಸ್‌ಆ್ಯಪಿನಲ್ಲಿ ಪ್ರೂಫ್ ಕಳಿಸಿದರೆ ಹೆಬ್ಬೆರಳಿನ ಚಿತ್ರ ಸಾಲದು. ಹೆಸರು, ತಾರೀಖು, ಮುಹೂರ್ತ, ಸ್ಥಳ ಎಲ್ಲ ಸರಿ ಇದೆ ಅಂತ ಅವರ ಕೈಯಿಂದಲೇ ಬರೆಸಿಕೋ. ಆಗ ಗಡಿಬಿಡಿ ನಿನ್ನ ಮನೆಯಿಂದ ಅವರ ಮನೆಗೆ ಹೋಗುತ್ತದೆ. ಅದು ಇರಬೇಕಾದದ್ದೂ ಅಲ್ಲೇ.

ನಾಲ್ಕು ದಿನ ಅಂದೆನಲ್ಲ, ಅದರಲ್ಲಿ ಒಂದು ದಿನ ಶಾಯಿಯದು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಶಾಯಿಯ ಹಾಳೆ ತಿರುವಿ ಹಾಕಿದರೆ ಹಿಂಬದಿಗೆ ಕಲೆ, ಕಟಿಂಗಿಗೆ ಒತ್ತಿದರೆ ಒಂದರ ಮೈಗೆ ಇನ್ನೊಂದರ ಅಚ್ಚು. ಗಿರಾಕಿ ಎಷ್ಟು ಕೂಗಿದರೂ ಶಾಯಿ ಅವನ ಮಾತು ಕೇಳುವುದಿಲ್ಲ. ನಮ್ಮ ಎರಿ ಹೊಲದ ರೈತ ಹದ ಬರುವವರೆಗೆ ಕೂರಿಗೆ ಹೂಡುವುದಿಲ್ಲ, ಎಷ್ಟೇ ಅವಸರ ಇದ್ದರೂ. ನೀನೂ ಗಿರಾಕಿಗೆ ಅಷ್ಟೇ ನಿಶ್ಚಿಂತೆಯಿಂದ “ಒಣಗಬೇಕ್ರಿ” ಅನ್ನುವುದನ್ನು ಕಲಿ.

ನಿನ್ನದು ಒಂದು ಬಣ್ಣದ ಮಷೀನು. ಮೊನ್ನೆ ನಿನ್ನ ಹುಡುಗ ಕಪ್ಪು ಓಡಿಸಿ, ತೊಳೆದು, ಹಳದಿ ಹಾಕಿ, ಮತ್ತೆ ತೊಳೆದು ಕಪ್ಪಿಗೆ ಬಂದ. ಯಾಕೆ ಅಂದರೆ ನಡುವೆ ಯಾರೋ ಬಂದು ಕೂಗಿದರು ಅಂದ. ಕಪ್ಪಿನ ರೋಲರು ಹಳದಿಗೆ ತಯಾರಾಗಬೇಕಾದರೆ ಎಷ್ಟು ತೊಳೆಯಬೇಕು ನಿನಗೆ ಗೊತ್ತಿದೆ. ಅಷ್ಟು ತೊಳೆದ ಮೇಲೂ ಮೊದಲ ಹಾಳೆಗಳು ಮಾಸಲೇ. ಆ ಹೊತ್ತಿನಲ್ಲಿ ಮಷೀನು ಒಂದು ಪೈಸೆ ದುಡಿಯುವುದಿಲ್ಲ, ಕರೆಂಟು, ಸೀಮೆಎಣ್ಣೆ, ಬಟ್ಟೆ, ಹುಡುಗನ ಪಗಾರ ಎಲ್ಲ ಹೋಗುತ್ತಿರುತ್ತವೆ. ಹಿಂದಿನ ಸಂಜೆಯೇ ಜಾಬ್ ಕಾರ್ಡುಗಳನ್ನು ಬಣ್ಣದ ಪ್ರಕಾರ, ಅದರೊಳಗೆ ಕಾಗದದ ಅಳತೆಯ ಪ್ರಕಾರ ಹೊಂದಿಸಿಡು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ಕಪ್ಪು ಕೊನೆಗೆ. ಬಿಲ್‌ಬುಕ್ಕು, ರಸೀದಿಯಂಥ ಕಪ್ಪಿನ ಕೆಲಸ ಒಟ್ಟಿಗೆ ಒಂದೇ ಓಟಕ್ಕೆ. ಹೆಸ್ಕಾಂನವರು ವಿದ್ಯುತ್ ವ್ಯತ್ಯಯ ಅಂತ ಪೇಪರಿನಲ್ಲಿ ಹಾಕಿದ ದಿನ ಬೈಂಡಿಂಗು, ಎಣಿಕೆ, ಪ್ಯಾಕಿಂಗು. ಸಂಜೆ ಆ ಹತ್ತು ನಿಮಿಷ ಕೊಡುವವನಿಗೆ ಮರುದಿನ ಸಿಗುವ ಹೊತ್ತು ದೊಡ್ಡದು. ಸಮಯದ ಮೇಲೆ ಭಾಷಣ ಮಾಡುವವರು ಇದನ್ನೆಲ್ಲ ಹೇಳುವುದಿಲ್ಲ, ಅವರು ಮಷೀನು ತೊಳೆದವರಲ್ಲ.

ಒಂದು ಸೀಸನ್ನಿನಲ್ಲಿ ಮಾತ್ರ ಕೂಗು ಎಷ್ಟೇ ದೊಡ್ಡದಿರಲಿ, ಕಾಗದಪತ್ರ ಮೊದಲು. ಅದು ಚುನಾವಣೆ. ಅರ್ಧರಾತ್ರಿ ಕಾರು ತಂದು ನಿಲ್ಲಿಸಿ, ನಗದು ಎಣಿಸಿ, ಬೆಳಗಾಗುವುದರೊಳಗೆ ಕರಪತ್ರ ಬೇಕು ಅನ್ನುತ್ತಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಓದಿಕೊಂಡಿರು. ಪ್ರಕಟಿಸುವವನು ತಾನು ಯಾರು ಅಂತ ಬರೆದು ಸಹಿ ಮಾಡಿ, ಅವನನ್ನು ಬಲ್ಲ ಇಬ್ಬರಿಂದ ದೃಢೀಕರಿಸಿದ ಘೋಷಣೆಯ ಎರಡು ಪ್ರತಿ ನಿನ್ನ ಕೈಗೆ ಬರಬೇಕು. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಬೇಕು. ಅಚ್ಚಾದ ಮೇಲೆ ಘೋಷಣೆಯ ಒಂದು ಪ್ರತಿ, ಕರಪತ್ರದ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಖಾಲಿ ಘೋಷಣೆಯ ನಮೂನೆಯ ಒಂದು ಕಟ್ಟು ಈಗಲೇ ಅಚ್ಚು ಹಾಕಿ ಡ್ರಾಯರಿನಲ್ಲಿಡು. ಅರ್ಧರಾತ್ರಿ ಬಂದವನ ಜೊತೆ ವಾದ ಮಾಡುವ ಬದಲು ಅವನ ಮುಂದೆ ಫಾರ್ಮ್ ಇಟ್ಟುಬಿಡು, ಅಷ್ಟೇ.

ಇಲ್ಲ ಅನ್ನುವುದಕ್ಕೆ ನಿನಗೆ ಅಂಜಿಕೆ, ಅದೂ ಗೊತ್ತು. ನಾಲ್ಕು ಹೆಜ್ಜೆ ಇಟ್ಟರೆ ಇನ್ನೊಂದು ಪ್ರೆಸ್ಸು, ಹೋದ ಗಿರಾಕಿ ತಿರುಗಿ ಬರುವುದಿಲ್ಲ ಅಂತ. ನನ್ನ ಅನುಭವದಲ್ಲಿ, ಬಂದ ದಿನವೇ “ಈ ವಾರ ಆಗೂದಿಲ್ರೀ” ಅಂತ ಕೇಳಿಸಿಕೊಂಡವನು ತಿರುಗಿ ಬರುತ್ತಾನೆ. ಒಪ್ಪಿಕೊಂಡು ಲಗ್ನದ ಹಿಂದಿನ ದಿನ ಕೈಕೊಟ್ಟರೆ ಅವನೊಬ್ಬನೇ ಅಲ್ಲ, ಬೀಗರೂ ಬರುವುದಿಲ್ಲ. ಪಕ್ಕದ ಪ್ರೆಸ್ಸಿನವನಿಗೆ ಅವಸರದ ಜಾಬನ್ನು ನೀನೇ ಒಯ್ದು ಕೊಡು. ಅವನ ಕೈ ಕಟ್ಟಿದ ದಿನ ಅವನೂ ನಿನ್ನ ಬಾಗಿಲಿಗೆ ಕಳಿಸುತ್ತಾನೆ. ಆಗದ ಕೆಲಸಕ್ಕೆ ಅಡ್ವಾನ್ಸ್ ಹಿಡಿಯುವ ಚಾಳಿ ಮಾತ್ರ ಬೇಡ.

ಡಿಟಿಪಿ ಮಾಡುವ ಹುಡುಗಿಗೆ ಕಾಗುಣಿತ ನಿನಗಿಂತ ಚೆನ್ನಾಗಿ ಬರುತ್ತದೆ. ಸಣ್ಣ ಜಾಬುಗಳ ಪ್ರೂಫ್ ಅವಳೇ ನೋಡಿ ಕಳಿಸಲಿ, ರೇಟಿನ ಪಟ್ಟಿ ಬರೆದು ಅವಳ ಮೇಜಿನ ಗಾಜಿನ ಕೆಳಗಿಡು. ಸಾವಿರ ವಿಸಿಟಿಂಗ್ ಕಾರ್ಡಿಗೆ ಎಷ್ಟು ಅಂತ ಕೇಳಲು ಬಂದವನು ನಿನ್ನ ತನಕ ಬರಬೇಕಾಗಿಲ್ಲ.

ಈಗ ಹೊಸ ಮಷೀನಿನ ಮಾತು. ಒಂದು ವಾರ ಸಂಜೆ ಪ್ರೆಸ್ಸಿನಲ್ಲಿ ಸುಮ್ಮನೆ ಓಡಾಡಿ ನೋಡು, ಜಾಬು ಎಲ್ಲಿ ಗುಡ್ಡೆ ಬೀಳುತ್ತಿದೆ ಅಂತ. ನಾನು ಬಂದಾಗ ಆಫ್‌ಸೆಟ್ಟಿನ ಮುಂದೆ ಹಾಳೆ ಕಾಯುತ್ತಿರಲಿಲ್ಲ. ಅಚ್ಚಾದ ಹಾಳೆಗಳು ಕಟಿಂಗ್ ಮಷೀನಿನ ಮುಂದೆ ಎದೆಮಟ್ಟ ನಿಂತಿದ್ದವು, ಕಟಿಂಗಿನವನು ಮಧ್ಯಾಹ್ನ ಊಟಕ್ಕೆ ಹೋದರೆ ಇಡೀ ಪ್ರೆಸ್ಸೇ ಊಟಕ್ಕೆ ಹೋದ ಹಾಗಿತ್ತು. ಅಲ್ಲಿ ಇನ್ನೊಂದು ಆಫ್‌ಸೆಟ್ ತಂದರೆ ಗುಡ್ಡೆ ಇನ್ನಷ್ಟು ಎತ್ತರ ಆಗುತ್ತದೆ, ಅದರ ಮೇಲೆ ಬ್ಯಾಂಕಿನ ಕಂತು ಬೇರೆ. ಬೈಂಡಿಂಗಿನ ಹುಡುಗನೊಬ್ಬನಿಗೆ ಕಟಿಂಗ್ ಕಲಿಸು, ಊಟದ ಹೊತ್ತು ಹಂಚಿ ಹಾಕು, ಬ್ಲೇಡು ಎರಡು ಇಟ್ಟುಕೋ. ಆರು ತಿಂಗಳ ಮೇಲೂ ಆಫ್‌ಸೆಟ್ಟಿನ ಮುಂದೆಯೇ ಪಾಳಿ ನಿಂತಿದ್ದರೆ ಮಷೀನು ನೋಡಲು ನಾನೇ ನಿನ್ನ ಜೊತೆ ಬರುತ್ತೇನೆ.

ಅಷ್ಟರೊಳಗೆ ಆಷಾಢ ಬರುತ್ತದೆ. ಲಗ್ನ ಇರುವುದಿಲ್ಲ, ಪತ್ರಿಕೆ ಇರುವುದಿಲ್ಲ. ಖಾಲಿ ಕುಳಿತೆ ಅಂತ ರೇಟು ಇಳಿಸಿ ಸಿಕ್ಕ ಸಿಕ್ಕ ಜಾಬು ಹಿಡಿಯಬೇಡ. ರೋಲರು ತೆಗೆಸಿ ನೋಡು, ಡೈರಿ ಮತ್ತು ಕ್ಯಾಲೆಂಡರಿನ ಹಳೆಯ ಗಿರಾಕಿಗಳಿಗೆ ಆಗಲೇ ಫೋನು ಹಚ್ಚಿ ಕಾಗದದ ಅಂದಾಜು ಹಾಕು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ಬಾ. ಕಟಿಂಗ್ ಮಷೀನಿನ ಬ್ಲೇಡು ಸಾಣೆಗೆ ಕಳಿಸುವುದಿದ್ದರೆ ಅದನ್ನೂ ಆಗಲೇ ಕಳಿಸು. ಶ್ರಾವಣದಲ್ಲಿ ಲಗ್ನದವರು ಬಂದು ಬಾಗಿಲಲ್ಲಿ ನಿಂತ ಮೇಲೆ ಸಾಣೆಯವನ ಹತ್ತಿರ ಊರಿನ ಎಲ್ಲ ಪ್ರೆಸ್ಸಿನ ಬ್ಲೇಡುಗಳೂ ಪಾಳಿ ಹಚ್ಚಿರುತ್ತವೆ.